ತೊಡೆಯ ನರದ ಉರಿಯೂತ: 8626ಕ್ಕೂ 8629ಕ್ಕೂ ಎಷ್ಟು ವ್ಯತ್ಯಾಸ?

ಅಮೆರಿಕದ ಮಾಜಿ ಸೈನಿಕರು ಅಂಗವೈಕಲ್ಯ ಪರಿಹಾರ ಕೇಳುವಾಗ ಸುಮ್ನೆ "ತೊಡೆ ನರದ ನೋವು" ಅಂದರೆ ಸಾಲದು. ಯಾವ ನರ ಅನ್ನುವುದರ ಮೇಲೆಯೇ ಅಂಗವೈಕಲ್ಯದ ಶೇಕಡಾವಾರು ನಿಂತಿದೆ. ಒಂದೊಂದು ನರದ ತೊಂದರೆಗೂ ಸರ್ಕಾರದ ಪಟ್ಟಿಯಲ್ಲಿ ಒಂದೊಂದು ಕೋಡ್ ಇದೆ.

ಮುಂದೊಡೆಯ ಫೀಮೋರಲ್ ನರದ ಉರಿಯೂತಕ್ಕೆ ಕೋಡ್ 8626. ಮೆಟ್ಟಿಲಿಳಿಯುವಾಗ ಮಂಡಿ ಕುಸಿಯುತ್ತದೆ. ಡಾಕ್ಟರು ಮಂಡಿಯ ಕೆಳಗೆ ಸುತ್ತಿಗೆ ತಟ್ಟಿದರೂ ಕಾಲು ಜಿಗಿಯುವುದಿಲ್ಲ. ತೊಂದರೆ ಸೌಮ್ಯವಾದರೆ ಶೇ. 10, ಮಧ್ಯಮವಾದರೆ 20, ತೀವ್ರವಾದರೆ 30. ಆದರೆ ಸ್ನಾಯು ಸೊರಗಿದ್ದು, ಪ್ರತಿವರ್ತನೆ ಹೋಗಿದ್ದು ಮುಂತಾದ ಗುರುತು ಇಲ್ಲದಿದ್ದರೆ 20ಕ್ಕೇ ತಡೆ. ಈ ನರ ಪೂರ್ತಿ ಕೆಲಸ ನಿಲ್ಲಿಸಿದರೆ ಸಿಗುವ 40 ಉರಿಯೂತಕ್ಕೆ ಸಿಗುವುದಿಲ್ಲ.

8629 ಹೊರತೊಡೆಯ ಚರ್ಮದ ನರದ್ದು. ಬಿಗಿ ಬೆಲ್ಟ್ ಒತ್ತಿದರೂ ಇದು ಕೆರಳುತ್ತದೆ. ಉರಿ, ಜೋಮು ಎಷ್ಟಿದ್ದರೂ ಕಾಲಿನ ಬಲ ಹೋಗುವುದಿಲ್ಲ. ಸೌಮ್ಯ, ಮಧ್ಯಮ ಎರಡಕ್ಕೂ 0. ತೀವ್ರವಾದರೆ 10, ಅಷ್ಟೇ. ರಾತ್ರಿಯಿಡೀ ನಿದ್ದೆಗೆಡುವವರಿಗೆ ಇದು ಅನ್ಯಾಯ ಅಂತಲೇ ನನಗನಿಸುತ್ತದೆ. ಆದರೂ 0 ಅಂದರೆ ತಿರಸ್ಕಾರವಲ್ಲ. ಸಮಸ್ಯೆ ಸೇವೆಯಿಂದ ಬಂದದ್ದು ಅಂತ ದಾಖಲಾಗುತ್ತದೆ, ಜಾಸ್ತಿಯಾದಾಗ ಮತ್ತೆ ಕೇಳಬಹುದು.

ಕಾಲಿನ ಬಲ ಕುಗ್ಗಿದೆಯಾ? ನರ-ಸ್ನಾಯು ಪರೀಕ್ಷೆ ಮಾಡಿಸಿ, ಎರಡೂ ತೊಡೆಗಳ ಸುತ್ತಳತೆ ಬರೆಸಿಕೊಂಡು 8626 ಕೇಳಿ. ಬರೀ ಉರಿಯಾದರೆ 8629ರಲ್ಲೇ ತೀವ್ರತೆ ತೋರಿಸುವುದು ಜಾಣತನ.