ಜೋನಿಯೇ, ಜೇನೇ, ಖರ್ಜೂರವೇ? ಶಿರಸಿಯ ಒಂದು ಅಡುಗೆಮನೆಯಲ್ಲಿ ಐದು ತಿಂಗಳು

ಜನವರಿಯಲ್ಲಿ ಮಾವನ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಹೇಳುವ ಅಳತೆ, 6.2 ಬಂತು. 5.7ರಿಂದ 6.4ರವರೆಗೆ ಬಂದರೆ ಮಧುಮೇಹದ ಹೊಸ್ತಿಲಲ್ಲಿ ಇದ್ದಂತೆ. ಸಿಹಿ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು. ಅಂದು ಸಂಜೆಯೇ ಅತ್ತೆ ಸಕ್ಕರೆ ಡಬ್ಬವನ್ನು ನಾಗಂದಿಗೆಯ ಮೇಲೆ ಏರಿಸಿಬಿಟ್ಟರು. ಜೋನಿ ಬೆಲ್ಲದ (ಗಟ್ಟಿಯಾಗದೆ ದ್ರವವಾಗಿಯೇ ಇರುವ ಬೆಲ್ಲ) ಡಬ್ಬವನ್ನು ಕೈಗೆ ಸಿಗುವಲ್ಲಿ ಇಟ್ಟು, "ಇನ್ನು ಮೇಲೆ ಎಲ್ಲದಕ್ಕೂ ಇದೇ" ಎಂದರು.

ನಮ್ಮ ಕಡೆಯ ಮನೆಗಳಲ್ಲಿ ಜೋನಿಯನ್ನು ಯಾರೂ ಸಕ್ಕರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಲೆಮನೆಯಿಂದ ಬಂದದ್ದು, ಕಣ್ಣೆದುರು ಕಾಯಿಸಿದ್ದು, ಅದರಿಂದ ಏನಾದೀತು ಎಂಬ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಆದರೆ ಮಾವನ ವಿಷಯದಲ್ಲಿ ನಂಬಿಕೆಯ ಮೇಲೆ ನಡೆಯಲು ಮನಸ್ಸು ಒಪ್ಪಲಿಲ್ಲ. ಮಗಳು ಕೇಕಿಗೆಂದು ತಂದಿಟ್ಟಿದ್ದ ಚಿಕ್ಕ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಲು ಶುರುಮಾಡಿದೆ.

ಮೊದಲು ಹಳೆಯ ಲೆಕ್ಕ ಬರೆದೆ. ನಾವು ಐದು ಜನ. ತಿಂಗಳಿಗೆ ಐದು ಕಿಲೋ ಸಕ್ಕರೆ, ಎರಡೂವರೆ ಕಿಲೋ ಜೋನಿ. ಜೋನಿಯಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದರಲ್ಲಿ ಬಹುಪಾಲು ಸಕ್ಕರೆಯೇ. ಹಾಗೆ ಹಿಡಿದರೆ ತಲೆಗೆ ದಿನಕ್ಕೆ 44 ಗ್ರಾಂ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಇಂಥ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಆಹಾರದ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಶೇ. 5 ಎಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ಜೇನುತುಪ್ಪ, ಪಾಕ, ಹಣ್ಣಿನ ರಸ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ.

ಅದಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇನ್ನೊಂದು ಸಂಗತಿ. ಹಬ್ಬದ ಕಜ್ಜಾಯ, ಕೇಸರಿ, ಮಗಳ ಕೇಕು ಇವೇ ಅಪರಾಧಿಗಳು ಎಂದುಕೊಂಡಿದ್ದೆವು. ಆದರೆ ಚಹಾ, ಕಷಾಯ, ಮಗಳ ಹಾಲು ಸೇರಿ ದಿನಕ್ಕೆ ಹದಿನೈದು ಲೋಟ, ಲೋಟಕ್ಕೆ ಎಂಟು ಗ್ರಾಂ. ತಿಂಗಳಿಗೆ 3.6 ಕಿಲೋ ಸಕ್ಕರೆ ಲೋಟಗಳಿಗೇ ಹೋಗುತ್ತಿತ್ತು! ಹಾಗಾಗಿ ಹೋಲಿಕೆಯನ್ನು ಲೋಟದಿಂದಲೇ ಆರಂಭಿಸಿದೆ.

ಚಹಾಕ್ಕೆ ಜೋನಿ ಹಾಕಿದ ಮೊದಲ ದಿನವೇ ಹಾಲು ಒಡೆಯಿತು. ಬೆಲ್ಲದಲ್ಲಿ ಹುಳಿಯ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಅದು ಬಿದ್ದರೆ ಹೀಗಾಗುತ್ತದೆ. ಒಲೆ ಆರಿಸಿ, ಸ್ವಲ್ಪ ತಣಿದ ಮೇಲೆ ಬೆರೆಸಿದರೆ ಒಡೆಯುವುದಿಲ್ಲ. ಆದರೆ ಆ ಹೊತ್ತಿಗೆ ಚಹಾ ಚಹಾ ಆಗಿ ಉಳಿದಿರುವುದಿಲ್ಲ. ಕಷಾಯದ ಕತೆ ಬೇರೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿಮಾಡಿದ ಕಷಾಯಕ್ಕೆ ಜೋನಿಯ ವಾಸನೆ ಹೊಂದುತ್ತದೆ. ಅರ್ಧ ಚಮಚವೇ ನಮಗೆ ಸಾಕೆನಿಸಿತು.

ಪಕ್ಕದ ಮನೆಯವರ ಹಿತ್ತಿಲಲ್ಲಿ ಸ್ಟೀವಿಯಾ ಗಿಡವಿದೆ. ಅವರು ಮಧು ತುಳಸಿ ಎನ್ನುತ್ತಾರೆ. ನಾಲ್ಕು ಎಲೆ ತಂದು ಕುದಿಸಿ ನೋಡಿದೆವು. ಸಿಹಿ ಬರುತ್ತದೆ, ಆದರೆ ಜ್ಯೇಷ್ಠಮಧುವನ್ನು ಜಗಿದ ಹಾಗೆ ಗಂಟಲಲ್ಲಿ ಬಹಳ ಹೊತ್ತು ಉಳಿಯುತ್ತದೆ. ಕಷಾಯದ ಖಾರ ಅದನ್ನು ಮುಚ್ಚುತ್ತದೆ, ಹಾಲು ಹಾಕಿದ ಚಹಾ ಮುಚ್ಚುವುದಿಲ್ಲ. ಅಂಗಡಿಯಲ್ಲಿ ಸಿಗುವ ಕೃತಕ ಸಿಹಿ ಸುಕ್ರಲೋಸ್ ಪುಡಿ ಚಹಾಕ್ಕೆ ಚೆನ್ನಾಗಿಯೇ ಹೊಂದಿತು, ಮಾವನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ ಇರುವ ವಸ್ತು ಅದು, ಆದ್ದರಿಂದ ಪೊಟ್ಟಣದಲ್ಲಿ ಇರುವುದರಲ್ಲಿ ಹೆಚ್ಚಿನದು ಬರೀ ಗಾತ್ರಕ್ಕೆಂದು ಸೇರಿಸಿದ ಪುಡಿ. ತೂಕ ಇಳಿಸಲೆಂದು ಇಂಥವುಗಳನ್ನು ಬಳಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನೇ ಕೇಳಬೇಕು. ನನ್ನ ಆಕ್ಷೇಪ ಬೇರೆಯದು. ಸುಕ್ರಲೋಸ್ ಹಾಕಿದ ಮೂರು ವಾರಗಳಲ್ಲಿ ಮಾವನ ನಾಲಗೆ ಒಂದಿಷ್ಟೂ ಬದಲಾಗಲಿಲ್ಲ, ಹಬ್ಬದ ಮನೆಗೆ ಹೋದಾಗ ಅದೇ ಹಳೆಯ ಸಿಹಿಯೇ ಬೇಕೆನಿಸುತ್ತಿತ್ತು.

ಗೆದ್ದದ್ದು ಇವುಗಳಲ್ಲಿ ಯಾವುದೂ ಅಲ್ಲ. ಸಕ್ಕರೆಯನ್ನೇ ಇಟ್ಟುಕೊಂಡು, ಹತ್ತು ದಿನಕ್ಕೊಮ್ಮೆ ಲೋಟಕ್ಕೆ ಒಂದು ಗ್ರಾಮಿನಂತೆ ಇಳಿಸುತ್ತ ಹೋದೆ. ಎಂಟು ಏಳಾಯಿತು, ಏಳು ಆರಾಯಿತು. ಯಾರಿಗೂ ಹೇಳಲಿಲ್ಲ. ಐದರ ಹತ್ತಿರ ಬಂದಾಗ ಮಾವ ಒಮ್ಮೆ ಲೋಟವನ್ನು ಕೆಳಗಿಟ್ಟು, "ತಂಗೀ, ಇವತ್ತು ಸಕ್ಕರೆ ಮರೆತೆಯೇನೇ?" ಎಂದು ಕೇಳಿದರು. ಒಂದೆರಡು ಏಲಕ್ಕಿ ಜಜ್ಜಿ ಹಾಕಿದೆ. ಮರುದಿನದಿಂದ ಆ ಮಾತು ಬರಲಿಲ್ಲ. ಈಗ ಮೂರು ಗ್ರಾಮಿಗೆ ನಿಂತಿದ್ದೇವೆ. ಸಂಜೆಯ ಚಹಾದ ಬದಲು ಕಷಾಯ ಬಂದಿದೆ, ಅತ್ತೆ ಅದಕ್ಕೆ ಏನೂ ಹಾಕಿಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ನೆಂಟರ ಮನೆಯ ಚಹಾ ಕುಡಿದ ಮಾವ ಅರ್ಧಕ್ಕೇ ಬಿಟ್ಟು, "ಇದು ಪಾನಕದ ಹಾಗಿದೆ" ಎಂದು ನನ್ನ ಕಿವಿಯಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೇಕಿನಲ್ಲಿ ಈ ಉಪಾಯ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಅಲ್ಲಿ ಸಕ್ಕರೆ ರುಚಿಗಷ್ಟೇ ಇರುವುದಲ್ಲ. ನಮ್ಮದು ಮೊಟ್ಟೆಯಿಲ್ಲದ ಮೊಸರಿನ ಕೇಕು. 250 ಗ್ರಾಂ ಮೈದಾ, ಅಷ್ಟೇ ಮೊಸರು, ಎಣ್ಣೆ, 200 ಗ್ರಾಂ ಸಕ್ಕರೆ. ಅದೇ ಕೇಕನ್ನು ಸಕ್ಕರೆ ಇಳಿಸುತ್ತ ನಾಲ್ಕು ಭಾನುವಾರ ಮಾಡಿದೆವು. 150 ಗ್ರಾಮಿಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಹಾಗಾದರೆ ಇಷ್ಟು ವರ್ಷ 50 ಗ್ರಾಂ ಸುಮ್ಮನೆ ಸುರಿದಿದ್ದೆವು. 120ಕ್ಕೆ ಮೇಲಿನ ಬಣ್ಣ ಪೇಲವವಾಯಿತು, ಮರುದಿನ ಒಣಗಿ ಪುಡಿಯಾಗತೊಡಗಿತು. 100ಕ್ಕೆ ಚಾಕು ಹಾಕಿದರೆ ರಬ್ಬರಿನಂತೆ ಹಿಂದಕ್ಕೆ ಒತ್ತುತ್ತಿತ್ತು. ಸಕ್ಕರೆ ನೀರನ್ನು ತನ್ನ ಬಳಿ ಹಿಡಿದಿಟ್ಟುಕೊಂಡು ಮೈದಾದ ಅಂಟು ಬಲಿಯದಂತೆ ತಡೆಯುತ್ತದೆ. ಅದು ಕಡಿಮೆಯಾದರೆ ಅಂಟು ಗಟ್ಟಿಯಾಗುತ್ತದೆ, ಕೆಂಪಗಾಗುವುದೂ ನಿಲ್ಲುತ್ತದೆ. ಸುಕ್ರಲೋಸ್ ಹಾಕಿದ ಕೇಕು ಬಿಳಿಚಿಕೊಂಡು ಚಪ್ಪಟೆಯಾಗಿ ಬಂದದ್ದೂ ಇದಕ್ಕೇ. ಸಿಹಿ ಇತ್ತು, ಸಿಹಿಯ ಹಿಂದಿನ ಕೆಲಸಗಾರ ಇರಲಿಲ್ಲ. ಮಗಳು ಒಂದು ತುಂಡು ತಿಂದು ತಟ್ಟೆ ಸರಿಸಿದಳು.

ಜೋನಿಯ ನಿಜವಾದ ಬೆಲೆ ಗೊತ್ತಾದದ್ದು ಈ ಕೇಕಿನಲ್ಲಿ. ಸಕ್ಕರೆ ಒಂದಿಷ್ಟೂ ಹಾಕದೆ 180 ಗ್ರಾಂ ಜೋನಿ ಹಾಕಿದೆವು. ನೀರು ಕಳೆದರೆ ಅದರಲ್ಲಿರುವ ಸಕ್ಕರೆ 120 ಗ್ರಾಮಿಗಿಂತ ಹೆಚ್ಚಿಲ್ಲ. ಬಿಳಿ ಸಕ್ಕರೆಯಲ್ಲಿ ಇದೇ ಪ್ರಮಾಣ ಸೋತಿತ್ತು. ಜೋನಿಯ ಕೇಕು ಮಾತ್ರ ಮೂರನೇ ದಿನವೂ ಬೆರಳಿಗೆ ಮೆತ್ತಗೆ ಸಿಕ್ಕಿತು. ಜೋನಿ ಹರಳುಗಟ್ಟದೆ ದ್ರವವಾಗಿಯೇ ಉಳಿಯಲು ಕಾರಣವಾದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತೇವವನ್ನು ಬಿಡುವುದಿಲ್ಲ. ಮೂರು ಬದಲಾವಣೆ ಬೇಕಾದವು. ಜೋನಿಯಲ್ಲೇ ನೀರು ಇರುವುದರಿಂದ ಮೊಸರನ್ನು 60 ಗ್ರಾಂ ಇಳಿಸಿದೆ. ಬೇಕಿಂಗ್ ಪೌಡರ್ ಸ್ವಲ್ಪ ಕಡಿಮೆ ಮಾಡಿ ಅಡುಗೆ ಸೋಡಾ ಸ್ವಲ್ಪ ಹೆಚ್ಚಿಸಿದೆ, ಬೆಲ್ಲದ ಹುಳಿ ಸೋಡಾಕ್ಕೆ ಕೆಲಸ ಕೊಡುತ್ತದೆ. ಒಲೆಯ ಬಿಸಿ 180ರ ಬದಲು 165 ಡಿಗ್ರಿ, ಇಲ್ಲವಾದರೆ ಒಳಗೆ ಬೇಯುವ ಮೊದಲೇ ಮೇಲೆ ಸೀಯುತ್ತದೆ. ಬಣ್ಣ ಕಪ್ಪಗೆ ಬರುತ್ತದೆ, ಶುಂಠಿ ಅಥವಾ ಜಾಯಿಕಾಯಿ ಹಾಕಿದರೆ ಅದೇ ಚಂದ. ಬಿಳಿ ಕ್ರೀಮಿನ ಹುಟ್ಟುಹಬ್ಬದ ಕೇಕಿಗೆ ಇದು ಆಗದು.

ಖರ್ಜೂರ ಅರೆದು ಹಾಕಿದ ಕೇಕು ಹಲ್ವಕ್ಕೆ ಹತ್ತಿರವಾಯಿತು. ನಾರಿನಂಶ ಇರುವುದು ಅದರ ಹೆಚ್ಚುಗಾರಿಕೆ, ಆದರೆ ಒಣ ಖರ್ಜೂರದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ ಎಂಬುದನ್ನು ಮರೆಯುವಂತಿಲ್ಲ, ದರವೂ ಹೆಚ್ಚು. ಗೋಧಿ ಕಡಿಯ ಪಾಯಸಕ್ಕೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ. ಬನ್ಸಿಗೆ ಯಾವ ಪ್ರಯೋಗವೂ ಬೇಕಾಗಲಿಲ್ಲ. ಸಿಪ್ಪೆ ಕಪ್ಪಾಗುವವರೆಗೆ ಕಾದ ಪುಟ್ಟಬಾಳೆಯನ್ನು ಒಂದೆರಡು ಹೆಚ್ಚಿಗೆ ಕಿವುಚಿದರೆ ಸಕ್ಕರೆಯ ಚಮಚ ಮುಟ್ಟಬೇಕಿಲ್ಲ, ಕೆಂಪಗೆ ಉಬ್ಬುತ್ತವೆ.

ಕೇಸರಿಯಲ್ಲಿ ಜೋನಿ ಸೋತಿತು. ಬಣ್ಣ ಹೋಯಿತು, ಅನಾನಸಿನ ಘಮವೂ ಹೋಯಿತು. ಅಲ್ಲಿ ಸಕ್ಕರೆಯೇ ಸರಿ, ಪ್ರಮಾಣ ಮಾತ್ರ ಬೇರೆ. ಒಂದು ಲೋಟ ರವೆಗೆ ಒಂದೂವರೆ ಲೋಟ ಹಾಕುತ್ತಿದ್ದುದು ಈಗ ಮುಕ್ಕಾಲು. ಸಕ್ಕರೆ ಕರಗಿ ನೀರಾಗಿ ರವೆಯನ್ನು ಸಡಿಲಿಸುತ್ತಿತ್ತಲ್ಲ, ಆ ಕೊರತೆಗೆ ಅರ್ಧ ಲೋಟ ನೀರು ಹೆಚ್ಚು ಇಡಬೇಕು. ರವೆ ಪೂರ್ತಿ ಬೆಂದ ಮೇಲೆಯೇ ಸಕ್ಕರೆ ಹಾಕಬೇಕು, ಮೊದಲೇ ಹಾಕಿದರೆ ರವೆ ಅರೆಬೆಂದು ನಿಲ್ಲುತ್ತದೆ. ಚಿಟಿಕೆ ಉಪ್ಪು ಬಿದ್ದರೆ ಇದ್ದಷ್ಟು ಸಿಹಿ ಮೇಲೇಳುತ್ತದೆ. ಬಿಸಿಯಾಗಿಯೇ ಬಡಿಸಿ, ತಣ್ಣಗಾದರೆ ಅದೇ ಕೇಸರಿ ಸಪ್ಪೆ ಎನಿಸುತ್ತದೆ.

ಜೇನುತುಪ್ಪಕ್ಕೆ ಇದರ ತಿರುಗುಮುರುಗು. ಅದರಲ್ಲಿ ಹೆಚ್ಚಿರುವ ಫ್ರಕ್ಟೋಸ್ ತಂಪಿನಲ್ಲಿ ಬಹಳ ಸಿಹಿ, ಬಿಸಿಯಲ್ಲಿ ಅಷ್ಟಿಲ್ಲ. ಅದನ್ನು ಬಿಸಿ ಅಡುಗೆಗೆ ಸುರಿದರೆ ಘಮವೂ ಹೋಗುತ್ತದೆ, ಸಿಹಿಗೆಂದು ಇನ್ನಷ್ಟು ಹಾಕುವಂತಾಗುತ್ತದೆ. ತುಡುವೆ ಜೇನಿನ ಒಂದು ಬಾಟಲಿಯನ್ನು ಹಾಗೆ ಹಾಳುಮಾಡಿದ ಮೇಲೆ ಅದನ್ನು ಮುರುಗಲು (ಪುನರ್ಪುಳಿ) ಪಾನಕಕ್ಕೆ ಮೀಸಲಿಟ್ಟೆ. ಮುರುಗಲು ಪಾಕದಿಂದ ಮಾಡಿದ ಲೋಟಕ್ಕೆ 20 ಗ್ರಾಂ ಸಕ್ಕರೆ ಬೀಳುತ್ತಿತ್ತು, ಜೇನು 12 ಗ್ರಾಂ ಸಾಕು. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನನ್ನು ನೆಕ್ಕಿಸಲೂ ಬಾರದು, ಇದನ್ನು ಬಾಣಂತಿಯರ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ.

ಆ ಪಾಕದಲ್ಲೇ ಸಕ್ಕರೆ ಇಳಿಸಬಹುದೆಂದು ಏಪ್ರಿಲ್ ಕೊನೆಯಲ್ಲಿ ಹಣ್ಣಿನ ಅರ್ಧ ತೂಕದ ಸಕ್ಕರೆ ಹಾಕಿ ಒಂದು ಭರಣಿ ತುಂಬಿದ್ದೆ. ಹನ್ನೆರಡನೇ ದಿನ ಮುಚ್ಚಳ ತೆಗೆದರೆ ನೊರೆ, ಹುಳಿತ ವಾಸನೆ. ಪಾಕ ಕೆಡದಂತೆ ಕಾಯುವುದೇ ಸಕ್ಕರೆ, ಅಲ್ಲಿ ಅದನ್ನು ಮುಟ್ಟುವಂತಿಲ್ಲ. ಉಳಿದ ಹಣ್ಣಿನ ಸಿಪ್ಪೆಯನ್ನು ಒಣಗಿಸಿಟ್ಟೆವು. ನೆನೆಸಿ, ಹಿಂಡಿ, ಉಪ್ಪು ಜೀರಿಗೆ ಹಾಕಿ, ಸಿಹಿಯನ್ನು ಲೋಟದಲ್ಲಿಯೇ ಬೆರೆಸುತ್ತೇವೆ.

ಬಿಸಿ ಮಡಕೆಯ ಮೇಲೆ ಹಿಟ್ಟು ಎಳೆದು ಮಾಡುವ ಕಾಗದದಂಥ ಸಿಹಿತಿಂಡಿ ತೊಡೆದೇವನ್ನೂ ಬಿಡಲಿಲ್ಲ. ಫೆಬ್ರವರಿಯಲ್ಲಿ ಹೊಸ ಜೋನಿ ಬಂದಾಗ ಅತ್ತೆ ಮಡಕೆ ಬೋರಲು ಹಾಕಿ ಕೂತರು. ನಾನು ಒಂದು ಪಾತ್ರೆಯ ಹಿಟ್ಟಿಗೆ ಜೋನಿಯನ್ನು ಮೂರನೇ ಒಂದು ಪಾಲು ಕಡಿಮೆ ಹಾಕಿ ಕಲಸಿ ಕೊಟ್ಟೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ ಮಡಕೆಯ ಮೇಲೆ ಎಳೆದರು, ಹಾಳೆ ಎದ್ದಿತು. ಅವರು ತುಪ್ಪ ಸವರಿ ಮಡಚಲು ಹೋದಾಗ ಮಡಿಕೆಯ ಗೆರೆಯುದ್ದಕ್ಕೂ ಚಟಚಟನೆ ಒಡೆಯಿತು. ಬಿಸಿಯಿದ್ದಾಗ ಹಾಳೆ ಬಾಗುವುದು ಕರಗಿದ ಬೆಲ್ಲದ ಬಲದಿಂದ. ಅದು ಸಾಲದೆ ಹೋದರೆ ಕೈಯಲ್ಲಿ ಉಳಿಯುವುದು ಅಕ್ಕಿಯ ಹಪ್ಪಳ. ಅತ್ತೆ ಏನೂ ಅನ್ನದೆ ಡಬ್ಬದಿಂದ ಒಂದು ಸೌಟು ಜೋನಿ ಎತ್ತಿ ಹಿಟ್ಟಿಗೆ ಹೊಯ್ದರು, ಮುಂದಿನದು ಕರವಸ್ತ್ರದಂತೆ ಮಡಚಿಕೊಂಡಿತು. ತೊಡೆದೇವಿಗೆ ಬದಲಿಯನ್ನು ಮತ್ತೆ ಹುಡುಕಲಿಲ್ಲ. ಮಾವ ಮೂರು ತಿನ್ನುತ್ತಿದ್ದವರು ಒಂದು ತಿಂದರು.

ಜೂನಿನ ಲೆಕ್ಕ ಹೀಗಿದೆ: ಸಕ್ಕರೆ ಎರಡು ಕಿಲೋ, ಜೋನಿ ಎರಡು ಕಿಲೋ, ಜೇನು ಒಂದು ಬಾಟಲಿಗಿಂತ ಕಡಿಮೆ. ತಲೆಗೆ ದಿನಕ್ಕೆ ಸುಮಾರು 24 ಗ್ರಾಂ. ಜೋನಿ ಇಷ್ಟು ಉಳಿದದ್ದು ಬೆಳಗಿನ ತೆಳ್ಳೇವಿನಿಂದ (ಅಕ್ಕಿಯ ತೆಳು ದೋಸೆ). ತುಪ್ಪ ಮತ್ತು ಜೋನಿ ಇಲ್ಲದ ತೆಳ್ಳೇವು ಮಾವನಿಗೆ ಊಟವೇ ಅಲ್ಲ. ಅವರ ತಟ್ಟೆಗೆ ಈಗ ಒಂದು ಚಿಕ್ಕ ಚಮಚ, ಜೊತೆಗೆ ಕಾಯಿಚಟ್ನಿ.

ಮೊನ್ನೆ ಈ ಸಲದ ಮೊದಲ ಹಲಸಿನ ಹಣ್ಣಿನ ಕಡುಬು ಮಾಡಿದೆವು. ನಾನು ತಕ್ಕಡಿ ಹಿಡಿದು, ಒಂದು ಲೋಟ ಅಕ್ಕಿತರಿಗೆ ಎಷ್ಟು ಬೆಲ್ಲ ಎಂದು ಕೇಳಿದೆ. ಅತ್ತೆ ಹಣ್ಣಿನ ಒಂದು ತೊಳೆ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು. "ಇದಕ್ಕೆ ಏನೂ ಬೇಡ" ಎಂದರು. ಬೇಡವಾಗಿತ್ತು.