ಸಿಮ್ಯುಲೇಟರ್ ಎಂಜಿನ್‌ನ ಬ್ರೇಕ್ ಹೊಂದಾಣಿಕೆ: ಬಲವೋ, ಕಾಲವೋ, ಘರ್ಷಣೆಯೋ?

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಓಪನ್ ರೈಲ್ಸ್ ಎಂಬ ಸಿಮ್ಯುಲೇಟರಿನಲ್ಲಿ ಎಂಜಿನ್ ನಿಲ್ಲಬೇಕಾದ ಜಾಗವನ್ನು ದಾಟಿ ಮುಂದೆ ಹೋಗುತ್ತಿದ್ದರೆ ಅದನ್ನು ಸರಿಪಡಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಬ್ರೇಕಿನ ಗರಿಷ್ಠ ಬಲವನ್ನು ಏರಿಸಬಹುದು, ಗಾಳಿಯ ಒತ್ತಡದಿಂದ ಬ್ರೇಕನ್ನು ಒತ್ತುವ ಬ್ರೇಕ್ ಸಿಲಿಂಡರ್ ತುಂಬುವ ಮತ್ತು ಬರಿದಾಗುವ ವೇಗವನ್ನು ಬದಲಿಸಬಹುದು, ಇಲ್ಲವೇ ಚಕ್ರಕ್ಕೆ ಉಜ್ಜಿ ಅದನ್ನು ತಡೆಯುವ ಬ್ರೇಕ್ ಬ್ಲಾಕಿನ ಘರ್ಷಣೆಯ ಗುಣವನ್ನು ಮಾರ್ಪಡಿಸಬಹುದು. ಮೂರನ್ನೂ ಒಂದೇ ಎಂಜಿನ್ ಮತ್ತು ಒಂದೇ ಗೂಡ್ಸ್ ರೈಲಿನ ಮೇಲೆ ಪ್ರಯೋಗಿಸಿ ನೋಡಿದ ನಂತರ, ಹೆಚ್ಚಿನವರು ಮೊದಲು ಕೈಹಾಕುವ ಬಲದ ಅಂಕಿಯನ್ನು ಕೊನೆಗೆ ಇಟ್ಟುಕೊಳ್ಳಬೇಕೆಂಬ ಖಚಿತ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಉಳಿದೆಲ್ಲವೂ ಸ್ಥಿರವಾಗಿರಬೇಕು. ಆದ್ದರಿಂದ ಸಮತಟ್ಟಾದ ನೇರ ಹಳಿಯಲ್ಲಿ ಗಂಟೆಗೆ 72 ಕಿ.ಮೀ. ವೇಗವನ್ನು, ಅಂದರೆ ಸೆಕೆಂಡಿಗೆ 20 ಮೀಟರನ್ನು, ಆರಂಭದ ವೇಗವಾಗಿಟ್ಟುಕೊಂಡು ಪ್ರತಿ ಸಲವೂ ಪೂರ್ಣ ಸರ್ವಿಸ್ ಬ್ರೇಕ್ (ತುರ್ತು ಬ್ರೇಕ್ ಅಲ್ಲದ, ಸಾಮಾನ್ಯ ಬಳಕೆಯ ಬ್ರೇಕ್) ಹಾಕಿದೆ. ಎಫ್5 ಒತ್ತಿದಾಗ ತೆರೆಯುವ ಮಾಹಿತಿ ಪರದೆಯಲ್ಲಿ, ರೈಲಿನುದ್ದಕ್ಕೂ ಗಾಳಿ ಸಾಗಿಸುವ ಬ್ರೇಕ್ ಪೈಪ್ ಮತ್ತು ಸಿಲಿಂಡರಿನ ಒತ್ತಡಗಳು ಕಾಣಿಸುವುದರಿಂದ, ರೈಲು ಏಕೆ ತಡವಾಗಿ ನಿಂತಿತು ಎಂಬುದನ್ನು ಊಹಿಸಬೇಕಾಗಿಲ್ಲ. ಎಂಜಿನ್‌ನ ಗುಣಗಳನ್ನೆಲ್ಲ ಬರೆದಿರುವ ಮೂಲ ಕಡತವನ್ನು ನಾನು ತಿದ್ದಲಿಲ್ಲ. ಎಂಜಿನ್‌ನ ಫೋಲ್ಡರಿನೊಳಗೆ ಓಪನ್‌ರೈಲ್ಸ್ ಎಂಬ ಹೆಸರಿನ ಉಪಫೋಲ್ಡರ್ ಮಾಡಿ, ಅದರಲ್ಲಿ ಮೂಲ ಕಡತವನ್ನು ಇನ್‌ಕ್ಲೂಡ್ ಎಂಬ ಆದೇಶದ ಮೂಲಕ ಸೇರಿಸಿಕೊಂಡು ಬದಲಾಗಬೇಕಾದ ಸಾಲುಗಳನ್ನಷ್ಟೇ ಕೆಳಗೆ ಬರೆದರೆ, ಯಾವ ಪ್ರಯೋಗವನ್ನಾದರೂ ಒಂದು ಕ್ಷಣದಲ್ಲಿ ಹಿಂದಕ್ಕೆ ಪಡೆಯಬಹುದು. ಕಡತವನ್ನು ಯೂನಿಕೋಡ್ ರೂಪದಲ್ಲೇ ಉಳಿಸುವುದನ್ನು ಮರೆಯಬಾರದು.

ಮೊದಲು ಬಲದ ವಿಷಯ. ಮ್ಯಾಕ್ಸ್‌ಬ್ರೇಕ್‌ಫೋರ್ಸ್ ಎಂಬ ಸಾಲಿನಲ್ಲಿರುವ ಕಿಲೋನ್ಯೂಟನ್ (ಬಲದ ಅಳತೆ) ಸಂಖ್ಯೆಯನ್ನು ಹೆಚ್ಚಿಸುವುದು ಅತ್ಯಂತ ಸುಲಭ, ಮತ್ತು ಎಂಜಿನ್ ಒಂಟಿಯಾಗಿ ಓಡುವಾಗ ಅದರ ಫಲ ಕೂಡಲೇ ತಿಳಿಯುತ್ತದೆ. ರೈಲಿಗೆ ಜೋಡಿಸಿದಾಗ ಮಾತ್ರ ಚಿತ್ರ ಬೇರೆಯಾಗುತ್ತದೆ. 120 ಟನ್ನಿನ ಎಂಜಿನ್‌ಗೆ 75 ಕಿಲೋನ್ಯೂಟನ್, ಅದರ ಹಿಂದಿರುವ 80 ಟನ್ನಿನ 25 ವ್ಯಾಗನ್‌ಗಳಿಗೆ ತಲಾ 50 ಕಿಲೋನ್ಯೂಟನ್ ಬ್ರೇಕ್ ಬಲವಿದೆ ಎಂದುಕೊಳ್ಳೋಣ. ಒಟ್ಟು ಬಲ 1,325 ಕಿಲೋನ್ಯೂಟನ್. ಎಂಜಿನ್‌ನ ಬಲವನ್ನು ಇಮ್ಮಡಿಗೊಳಿಸಿದರೂ ಒಟ್ಟು ಮೊತ್ತ ಹೆಚ್ಚುವುದು ಶೇಕಡಾ 6ಕ್ಕಿಂತ ಕಡಿಮೆ. ರೈಲನ್ನು ನಿಲ್ಲಿಸುವುದು ಬಹುಪಾಲು ವ್ಯಾಗನ್‌ಗಳೇ ಆಗಿರುವಾಗ ಎಂಜಿನ್‌ನ ಕಡತವೊಂದನ್ನೇ ತಿದ್ದುತ್ತಾ ಕೂರುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ವ್ಯಾಗನ್‌ಗಳ ಬಲವನ್ನೇ ಏರಿಸಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ತುಂಬಿದ ವ್ಯಾಗನ್‌ಗೆಂದು ಕೊಟ್ಟ 100 ಕಿಲೋನ್ಯೂಟನ್ ಬಲವನ್ನು 20 ಟನ್ನಿನ ಖಾಲಿ ವ್ಯಾಗನ್‌ಗೂ ಕೊಟ್ಟರೆ, ಅದು ಆ ವ್ಯಾಗನ್‌ನ ತೂಕದ ಅರ್ಧದಷ್ಟಾಗುತ್ತದೆ. ಉಕ್ಕಿನ ಹಳಿ ಅಷ್ಟು ಹಿಡಿತ ಕೊಡಲಾರದು. ಚಕ್ರಗಳು ಸಿಕ್ಕಿಕೊಂಡು ಜಾರಲೇಬೇಕು.

ಬಲವನ್ನು ಮುಟ್ಟುವ ಮೊದಲು ಪರಿಶೀಲಿಸಬೇಕಾದ ಇನ್ನೊಂದು ಸಾಲಿದೆ, ಮತ್ತು ಇದನ್ನು ಗಮನಿಸುವವರು ಕಡಿಮೆ. ಪೈಪಿನ ಒತ್ತಡ ಇಳಿದಾಗ ಸಿಲಿಂಡರಿಗೆ ಗಾಳಿ ಬಿಡುವ ಟ್ರಿಪಲ್ ವಾಲ್ವ್‌ನ ಅನುಪಾತ 2.5 ಆಗಿದ್ದರೆ ಪೈಪಿನಲ್ಲಿ ಚದರ ಇಂಚಿಗೆ 1 ಪೌಂಡ್ ಒತ್ತಡ ಇಳಿಸಿದಾಗ ಸಿಲಿಂಡರಿನಲ್ಲಿ ಎರಡೂವರೆ ಪೌಂಡ್ ಏರುತ್ತದೆ. ಹೀಗಾಗಿ ಚದರ ಇಂಚಿಗೆ 70 ಪೌಂಡ್ ಒತ್ತಡದ ಪೈಪಿನಲ್ಲಿ 20 ಪೌಂಡ್ ಇಳಿಸುವ ಹೊತ್ತಿಗೆ ಎರಡೂ ಕಡೆ 50ಕ್ಕೆ ಸಮನಾಗುತ್ತದೆ, ಆಮೇಲೆ ಎಷ್ಟು ಇಳಿಸಿದರೂ ಸರ್ವಿಸ್ ಬ್ರೇಕಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಗರಿಷ್ಠ ಬಲಕ್ಕೆ 70 ಪೌಂಡ್ ಸಿಲಿಂಡರ್ ಒತ್ತಡ ಬೇಕೆಂದು ಕಡತದಲ್ಲಿ ಬರೆದಿದ್ದರೆ ಆ ಎಂಜಿನ್ ತನ್ನ ಬಲದ ಶೇಕಡಾ 71ರಷ್ಟನ್ನು ಮಾತ್ರ ಬಳಸುತ್ತದೆ. ಇಂಥ ಕಡೆ ತಿದ್ದಬೇಕಾದದ್ದು ಒತ್ತಡದ ಸಂಖ್ಯೆಯನ್ನೇ ಹೊರತು ಬಲವನ್ನಲ್ಲ.

ಎರಡನೆಯ ದಾರಿಯಾದ ಕಾಲದ ಹೊಂದಾಣಿಕೆಯಲ್ಲಿ ನನಗೆ ಅತಿ ದೊಡ್ಡ ವ್ಯತ್ಯಾಸ ಕಂಡಿತು. ಯುರೋಪಿನಲ್ಲಿ ಬಳಸುವ ಯುಐಸಿ (ಅಂತರರಾಷ್ಟ್ರೀಯ ರೈಲ್ವೆ ಒಕ್ಕೂಟ) ನಿಯಮಗಳ ಪ್ರಕಾರ ಪ್ರಯಾಣಿಕ ರೈಲಿನ ಬ್ರೇಕ್ ಸಿಲಿಂಡರ್ 3ರಿಂದ 5 ಸೆಕೆಂಡುಗಳಲ್ಲಿ ತುಂಬಬೇಕು, ಗೂಡ್ಸ್ ಸ್ಥಿತಿಯಲ್ಲಿ ಅದೇ ಕೆಲಸಕ್ಕೆ 18ರಿಂದ 30 ಸೆಕೆಂಡು ಹಿಡಿಯುತ್ತದೆ. ಉದ್ದನೆಯ ರೈಲಿನ ಮುಂಭಾಗ ನಿಂತು ಹಿಂಭಾಗ ಬಂದು ಗುದ್ದದಿರಲೆಂದೇ ಈ ನಿಧಾನವನ್ನು ಇಟ್ಟಿದ್ದಾರೆ. 3.8 ಬಾರ್, ಅಂದರೆ ಸುಮಾರು 55 ಪೌಂಡ್ ಒತ್ತಡವನ್ನು 4 ಸೆಕೆಂಡಿನಲ್ಲಿ ತಲುಪಲು, ಸಿಲಿಂಡರ್ ತುಂಬುವ ವೇಗವನ್ನು ಹೇಳುವ ಮ್ಯಾಕ್ಸ್‌ಅಪ್ಲಿಕೇಶನ್‌ರೇಟ್ ಎಂಬ ಸಾಲು ಸೆಕೆಂಡಿಗೆ 14 ಪೌಂಡಿನ ಆಸುಪಾಸಿನಲ್ಲಿರಬೇಕು. 24 ಸೆಕೆಂಡಿಗಾದರೆ 2.3 ಸಾಕು. ಇದರ ಪರಿಣಾಮವನ್ನು 80 ಟನ್ ಮತ್ತು 50 ಕಿಲೋನ್ಯೂಟನ್‌ನ ಒಂದೇ ವ್ಯಾಗನ್‌ಗೆ ಲೆಕ್ಕ ಹಾಕಿ ನೋಡಬಹುದು. ಬ್ರೇಕ್ ತಕ್ಷಣವೇ ಪೂರ್ಣ ಹಿಡಿದಿದ್ದರೆ 320 ಮೀಟರಿನಲ್ಲಿ ನಿಲ್ಲುವ ವ್ಯಾಗನ್, 4 ಸೆಕೆಂಡಿನ ಸಿಲಿಂಡರಿನಲ್ಲಿ ಸುಮಾರು 360 ಮೀಟರ್, 24 ಸೆಕೆಂಡಿನದರಲ್ಲಿ 545 ಮೀಟರ್ ತೆಗೆದುಕೊಳ್ಳುತ್ತದೆ. ಈಗ ಆ ನಿಧಾನದ ಸಿಲಿಂಡರನ್ನು ಹಾಗೆಯೇ ಬಿಟ್ಟು ಬಲವನ್ನು ಮಾತ್ರ ಇಮ್ಮಡಿಗೊಳಿಸಿದರೆ 370 ಮೀಟರ್ ಬರುತ್ತದೆ. ನೂರು ಕಿಲೋನ್ಯೂಟನ್ ಸುರಿದು ಪಡೆಯುವ ಫಲಕ್ಕಿಂತ ತುಸು ಉತ್ತಮವಾದುದನ್ನು ಮೂಲ ಬಲದಲ್ಲೇ, ಕೇವಲ ಕಾಲವನ್ನು ಸರಿಪಡಿಸಿ ಪಡೆಯಬಹುದೆಂದಾಯಿತು, ಅದೂ ಚಕ್ರ ಜಾರುವ ಭಯವಿಲ್ಲದೆ. ಸಿಮ್ಯುಲೇಟರಿನಲ್ಲಿ ಕಂಡ ದೂರಗಳೂ ಇದೇ ಕ್ರಮವನ್ನು ಅನುಸರಿಸಿದವು.

ಹಾಗೆಂದು ಎಲ್ಲ ರೈಲುಗಳಿಗೂ ವೇಗದ ಸಿಲಿಂಡರನ್ನು ಕೊಡುವುದನ್ನು ನಾನು ಒಪ್ಪುವುದಿಲ್ಲ. ಪ್ರಯಾಣಿಕ ಎಂಜಿನ್ ಗೂಡ್ಸ್ ಕಾಲದಲ್ಲಿ ವರ್ತಿಸುತ್ತಿದ್ದರೆ ಅದು ಕಡತದ ದೋಷ. ಗೂಡ್ಸ್ ರೈಲು ನಿಧಾನವಾಗಿ ಹಿಡಿಯುತ್ತಿದ್ದರೆ ಅದು ಅದರ ಸ್ವಭಾವ. ಬ್ರೇಕ್ ಬಿಡುವ ವೇಗಕ್ಕೂ ಈ ಮಾತು ಅನ್ವಯಿಸುತ್ತದೆ. ಗೂಡ್ಸ್ ಸ್ಥಿತಿಯಲ್ಲಿ 45ರಿಂದ 60 ಸೆಕೆಂಡು ಹಿಡಿಯಬೇಕಾದ ಬಿಡುಗಡೆಯನ್ನು ಒಂದೆರಡು ಸೆಕೆಂಡಿಗೆ ಇಳಿಸಿಬಿಟ್ಟರೆ, ಮುಂದಿನ ಇಳಿಜಾರನ್ನು ನೋಡಿಕೊಂಡು ಮೊದಲೇ ಯೋಚಿಸಿ ಬ್ರೇಕ್ ಬಿಡುವ ಚಾಲಕನ ಕೌಶಲಕ್ಕೆ ಕೆಲಸವೇ ಉಳಿಯುವುದಿಲ್ಲ.

ಮೂರನೆಯದಾದ ಘರ್ಷಣೆ ನಿಲ್ಲುವ ದೂರಕ್ಕಿಂತ ನಿಲ್ಲುವ ರೀತಿಯನ್ನು ಬದಲಿಸುತ್ತದೆ. ಎರಕದ ಕಬ್ಬಿಣದ ಬ್ಲಾಕಿನ ಹಿಡಿತ ಹೆಚ್ಚಿನ ವೇಗದಲ್ಲಿ ಕಡಿಮೆಯಿದ್ದು ವೇಗ ಇಳಿದಂತೆ ಏರುತ್ತದೆ ಎಂಬುದನ್ನು 1878ರಲ್ಲೇ ಡಗ್ಲಸ್ ಗಾಲ್ಟನ್ ಮತ್ತು ಜಾರ್ಜ್ ವೆಸ್ಟಿಂಗ್‌ಹೌಸ್ ಅವರ ಪ್ರಯೋಗಗಳು ತೋರಿಸಿದ್ದವು. ಹಲವು ವಸ್ತುಗಳ ಮಿಶ್ರಣದಿಂದ ಮಾಡಿದ ಕಾಂಪೋಸಿಟ್ ಬ್ಲಾಕಿನ ಹಿಡಿತ ಇದಕ್ಕೆ ಹೋಲಿಸಿದರೆ ಬಹುಮಟ್ಟಿಗೆ ಸಮವಾಗಿರುತ್ತದೆ. ಓಪನ್ ರೈಲ್ಸ್‌ನಲ್ಲಿ ಬ್ಲಾಕಿನ ಬಗೆಯನ್ನು ಸೂಚಿಸಬಹುದು, ವೇಗಕ್ಕೆ ತಕ್ಕಂತೆ ಘರ್ಷಣಾಂಕಗಳ ಪಟ್ಟಿಯನ್ನೂ ಬರೆಯಬಹುದು. ಎರಕದ ಕಬ್ಬಿಣವನ್ನು ಆಯ್ದುಕೊಂಡಾಗ ರೈಲು ಆರಂಭದಲ್ಲಿ ಹಿಡಿತವೇ ಇಲ್ಲದಂತೆ ಸಾಗಿ, ಪ್ಲಾಟ್‌ಫಾರಂ ಹತ್ತಿರವಾದಂತೆ ಹಿಡಿತ ಬಿಗಿಯಾಗಿ, ಒತ್ತಡವನ್ನು ಸಕಾಲದಲ್ಲಿ ಇಳಿಸದಿದ್ದರೆ ಜಗ್ಗಿ ನಿಲ್ಲುತ್ತದೆ. ಹಳೆಯ ಎಂಜಿನ್‌ಗಳನ್ನು ಪ್ರೀತಿಸುವವರಿಗೆ ಈ ಅನುಭವವೇ ಎಲ್ಲಕ್ಕಿಂತ ಮಿಗಿಲಾದದ್ದು, ನಾನೂ ಆ ಗುಂಪಿಗೇ ಸೇರಿದವನು. ಡಿಸ್ಕ್ ಬ್ರೇಕಿನ ಹೊಸ ಗಾಡಿಗಳಿಗೆ ಮಾತ್ರ ಕಬ್ಬಿಣದ ಪಟ್ಟಿಯನ್ನು ಹಾಕಬಾರದು.

ಎಂಜಿನ್‌ನ ಮೋಟಾರುಗಳನ್ನೇ ಜನರೇಟರಿನಂತೆ ಬಳಸಿ ವೇಗ ತಡೆಯುವ ಡೈನಮಿಕ್ ಬ್ರೇಕನ್ನು ಈ ಮೂರರ ಪ್ರತಿಸ್ಪರ್ಧಿಯಾಗಿ ಪರಿಗಣಿಸುವುದು ಸರಿಯಲ್ಲ. 2,000 ಟನ್ನಿನ ರೈಲು ನೂರಕ್ಕೆ ಒಂದರ ಇಳಿಜಾರಿನಲ್ಲಿ ಸಮವೇಗದಲ್ಲಿ ಇಳಿಯಲು, ಚಲನೆಯ ಪ್ರತಿರೋಧವನ್ನು ಬಿಟ್ಟರೆ, ಸುಮಾರು 196 ಕಿಲೋನ್ಯೂಟನ್ ತಡೆ ಬೇಕು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ಆದರೆ ಹಳೆಯ ಡಿಸಿ ಮೋಟಾರಿನ ಎಂಜಿನ್‌ಗಳಲ್ಲಿ ವೇಗ ತೀರ ಕುಗ್ಗಿದಾಗ ಅದರ ಬಲ ಕ್ಷೀಣಿಸುವುದರಿಂದ ನಿಲುಗಡೆಗೆ ಅದನ್ನು ನಂಬಲಾಗದು.

ಬಲವನ್ನೇ ಏರಿಸಬೇಕಾದ ಸಂದರ್ಭ ಒಂದಿದೆ. ಎಂಜಿನ್ ಒಂಟಿಯಾಗಿದ್ದು, ಸಿಲಿಂಡರಿನ ಒತ್ತಡ ಸಕಾಲದಲ್ಲಿ ಪೂರ್ಣ ಮಟ್ಟ ತಲುಪಿದ್ದು, ಬ್ಲಾಕಿನ ಬಗೆಯೂ ಸರಿಯಿದ್ದು, ಆಗಲೂ ವೇಗ ಇಳಿಯುವ ಪ್ರಮಾಣ ಆ ತೂಕಕ್ಕೆ ತೀರ ಕಡಿಮೆಯೆಂದು ಕಂಡುಬಂದರೆ, ಮ್ಯಾಕ್ಸ್‌ಬ್ರೇಕ್‌ಫೋರ್ಸ್ ಅನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ, ಒದ್ದೆ ಹಳಿಯಲ್ಲಿ ಚಕ್ರ ಜಾರಲು ತೊಡಗುವ ಮಟ್ಟಕ್ಕಿಂತ ಕೆಳಗೇ ನಿಲ್ಲಿಸುವುದು ನಾನು ಅನುಸರಿಸುವ ಕ್ರಮ.