ಹಳೇ ಲಾರಿ ನೋಡ್ತಿದ್ದೀರಾ? ಮೊದಲು ಅದರ ವಯಸ್ಸು ಕೇಳಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸ್ವಂತ ಲಾರಿ ಮಾಡಬೇಕು ಅಂತ ಇರುವ ಡ್ರೈವರ್ ಅಣ್ಣತಮ್ಮಂದಿರೇ, ಹಳೇ ಗಾಡಿ ನೋಡುತ್ತಿದ್ದರೆ ರೇಟು ಮಾತಾಡುವ ಮುಂಚೆ ಆರ್‌ಸಿ (ನೋಂದಣಿ ಪತ್ರ) ತೆಗೆಸಿ. ಮೊದಲು ನೋಡಬೇಕಾದದ್ದು ನೋಂದಣಿ ತಾರೀಖು.

ನಾನು ತಗೊಂಡಿದ್ದು ಆರು ಗಾಲಿಯ ಲಾರಿ. ಹನ್ನೊಂದು ವರ್ಷ ದಾಟಿತ್ತು. ಕೊಡಿಸಿದ ದಲ್ಲಾಳಿ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಅಣ್ಣಾರ, ಇಎಂಐ ಕಾಟಾ ಇಲ್ಲ. ನ್ಯಾಷನಲ್ ಪರ್ಮಿಟ್ ಚಾಲೂ ಐತಿ. ದುಡದಿದ್ದೆಲ್ಲಾ ನಿಮ್ದ." ಬೇರೆ ರಾಜ್ಯಕ್ಕೂ ಲೋಡ್ ಒಯ್ಯಲು ಬೇಕಾದ ಆ ಪರ್ಮಿಟ್ ಚಾಲೂ ಇದ್ದದ್ದು ನಿಜ. ಅದು ಎಲ್ಲಿಯವರೆಗೆ ಅನ್ನೋದನ್ನು ಮಾತ್ರ ಆತ ಬಾಯಿ ಬಿಡಲಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ 88ನೇ ನಿಯಮದ ಪ್ರಕಾರ ಎರಡು ಆಕ್ಸಲ್ ಲಾರಿಗೆ (ನನ್ನ ಆರು ಗಾಲಿಯದೂ ಅದೇ) 12 ವರ್ಷ ತುಂಬಿದರೆ ನ್ಯಾಷನಲ್ ಪರ್ಮಿಟ್ ಮುಗಿಯಿತು. ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಮಲ್ಟಿ ಆಕ್ಸಲ್ ಗಾಡಿಗೆ 15 ವರ್ಷ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಪಾಸಾಗಿರಲಿ, ಇದು ಬದಲಾಗಲ್ಲ. ರಾಜ್ಯದ ಒಳಗೆ ಓಡಿಸಬಹುದು, ಅಷ್ಟೇ. ಆದರೆ ನಮ್ಮ ಭಾಗದಲ್ಲಿ ಲಾರಿ ಇಟ್ಟವರ ಹೊಟ್ಟೆ ತುಂಬುವುದೇ ಗಡಿ ದಾಟಿದಾಗ ಅಲ್ವಾ? ಗೋವಾ ಪಕ್ಕದಲ್ಲಿದೆ. ಬೆಳಗಾವಿ ದಾಟಿದರೆ ಕೊಲ್ಹಾಪುರ, ಪುಣೆ. ಅಮರಗೋಳ ಎಪಿಎಂಸಿಯ ಈರುಳ್ಳಿ, ಬ್ಯಾಡಗಿಯ ಮೆಣಸಿನಕಾಯಿ ಆ ಕಡೆಗೆ ಹೊರಟಿದ್ದರೂ ನನ್ನ ಗಾಡಿಗೆ ಆ ಲೋಡ್ ಸಿಗದಂತಾಯಿತು. ಗೊತ್ತಿರುವ ಟ್ರಾನ್ಸ್‌ಪೋರ್ಟ್ ಆಫೀಸಿನವರೂ "ಪರ್ಮಿಟ್ ಇಲ್ಲಾಂದ್ರ ಹ್ಯಾಂಗ್ ಕೊಡೂದು" ಅಂದರು. ಅವರದೇನೂ ತಪ್ಪಿಲ್ಲ. ಮಾರುವವನಿಗೆ ಮಾತ್ರ ಈ ತಾರೀಖು ಚೆನ್ನಾಗಿ ಗೊತ್ತಿತ್ತು. ಹನ್ನೊಂದು ದಾಟಿದ ಆರು ಗಾಲಿ ಗಾಡಿ ಅಗ್ಗಕ್ಕೆ ಸಿಕ್ಕರೆ, ಅಗ್ಗ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು.

ಎರಡನೇ ಪೆಟ್ಟು ಡೀಸೆಲ್‌ನದು. ತಿಂಗಳಿಗೆ 6,000 ಕಿ.ಮೀ. ಓಡಿಸ್ತೀರಿ ಅಂತ ಇಟ್ಟುಕೊಳ್ಳಿ. ಲೀಟರಿಗೆ 5 ಕಿ.ಮೀ. ಕೊಡುವ ಗಾಡಿಗೆ 1,200 ಲೀಟರ್ ಬೇಕು. 4 ಕೊಡುವ ಹಳೇ ಗಾಡಿಗೆ 1,500. ಲೀಟರಿಗೆ 90 ರೂಪಾಯಿ ಹಿಡಿದರೂ 300 ಲೀಟರಿಗೆ 27,000 ಆಯಿತು. ಬ್ಯಾಂಕಿಗೆ ಕಟ್ಟದೇ ಉಳಿಯಿತು ಅಂದುಕೊಂಡ ದುಡ್ಡು ಬಂಕಿಗೆ ಹೋಗುತ್ತದೆ. ಅದರ ಮೇಲೆ ಕ್ಲಚ್, ಇಂಜೆಕ್ಟರ್, ಟೈರ್. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟ ಬೇರೆ.

ಹೊಸದು ತಗೊಂಡರೆ ಎಲ್ಲಾ ಸುಖ ಅಂತಲೂ ನಾನು ಹೇಳ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಲಾರಿ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಅದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಲೋಡ್ ಇಲ್ಲದೇ ಗಾಡಿ ನಿಂತರೂ ಕಂತು ನಿಲ್ಲಲ್ಲ. ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯ ಸೆನ್ಸರ್ ಕೈಕೊಟ್ಟರೆ ನಮ್ಮ ಹಳೇ ಮೇಸ್ತ್ರಿಗಳ ಕೈಯಲ್ಲಿ ಎಲ್ಲಾ ಸಲ ಆಗಲ್ಲ, ಕಂಪನಿ ಸರ್ವೀಸಿಗೇ ಹೋಗಬೇಕು. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ನಾಲ್ಕೈದು ವರ್ಷದ, ಒಬ್ಬನೇ ಓನರ್ ಕೈಯಲ್ಲಿದ್ದ ಗಾಡಿ ಸರಿ ಅನ್ನೋದು ನನ್ನ ಅಭಿಪ್ರಾಯ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ. ಆಮೇಲೆ ಪ್ರತಿ ವರ್ಷ. ಹಳೇ ಗಾಡಿಗೆ ಸಾಲ ಬೇಕಾದರೆ ಬಡ್ಡಿ ಸಾಮಾನ್ಯವಾಗಿ ಜಾಸ್ತಿ, ಅವಧಿ ಕಡಿಮೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಬ್ಬೂರು ಬೈಪಾಸಿನಲ್ಲಿ ಖಾಲಿ ಗಾಡಿ ಓಡಿಸಿ ತೋರಿಸಿದರೆ ಏನೂ ಗೊತ್ತಾಗಲ್ಲ. ಸಾಧ್ಯವಾದರೆ ಲೋಡ್ ಹಾಕಿಸಿ ಘಾಟ್ ಹತ್ತಿಸಿ. ಅಂಕೋಲಾ ರಸ್ತೆಯ ಅರಬೈಲು ಘಾಟ್ ನಮಗೆ ದೂರವೇನಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ. ಆಯಿಲ್ ಕ್ಯಾಪ್ ತೆಗೆದಾಗ ಹೊಗೆ ರಭಸದಿಂದ ಹೊರಗೆ ಬಂದರೆ ಎಂಜಿನ್ ಕೆಲಸ ಇದೆ ಅಂತಲೇ ಅರ್ಥ. ಚಾಸಿ ಮೇಲೆ ಹೊಸ ಪೇಂಟ್ ಕಂಡರೆ ಅದರ ಕೆಳಗೆ ವೆಲ್ಡಿಂಗ್ ಇದೆಯಾ ನೋಡಿ. ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ.

ಇನ್ನು ಕಾಗದಪತ್ರ. ನನ್ನ ಗಾಡಿಯ ಆರ್‌ಸಿಯಲ್ಲಿ ಹಳೇ ಓನರ್‌ನ ಫೈನಾನ್ಸ್ ಹೆಸರು ಹಾಗೇ ಇತ್ತು. "ಸಾಲ ತೀರೇತಿ, ಎನ್‌ಒಸಿ ನಾಳೆ ಬರತೈತಿ" ಅಂದರು. ಎನ್‌ಒಸಿ ಅಂದರೆ ಸಾಲ ಬಾಕಿ ಇಲ್ಲ ಅಂತ ಫೈನಾನ್ಸಿನವರು ಕೊಡುವ ಪತ್ರ. ಆ ನಾಳೆ ತಿಂಗಳುಗಟ್ಟಲೆ ಬರಲಿಲ್ಲ. ಅಷ್ಟು ದಿನವೂ ಫೈನಾನ್ಸಿನವರು ಯಾವಾಗ ರಸ್ತೆಯಲ್ಲಿ ಗಾಡಿ ಹಿಡಿಯುತ್ತಾರೋ ಅನ್ನೋ ಭಯದಲ್ಲೇ ಓಡಿಸಿದೆ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್ ನೋಡಿ, ಬಾಕಿ ಚಲನ್ ಕೂಡ ನೋಡಿಕೊಳ್ಳಿ. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35 (ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸುವ ಅರ್ಜಿ) ಮತ್ತು ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ನೆ ಮನೆಯಲ್ಲಿ ಇಟ್ಟುಕೊಂಡರೂ ಆಗಲ್ಲ, ಆರ್‌ಟಿಒಗೆ ಕೊಟ್ಟು ಹೆಸರು ಬದಲಾಗಲೇಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಿ. ಪಾಲಿಸಿ ಹಳೇ ಓನರ್ ಹೆಸರಿನಲ್ಲೇ ಇದ್ದಾಗ ಗಾಡಿ ಪಲ್ಟಿ ಆದರೆ, ನಿಮ್ಮ ಗಾಡಿಯ ರಿಪೇರಿ ದುಡ್ಡು ನಿಮ್ಮ ಜೇಬಿನಿಂದಲೇ ಹೋಗಬಹುದು.